ಕುರ್ಚಿ ಕಳೆಯುವ ಊರಿನಿಂದ ಒಂದು ವಿನಂತಿ

ಕರ್ನಾಟಕದ ಮುಂದಿನ ಮುಖ್ಯಮಂತ್ರಿಗಳ ಸನ್ನಿಧಾನಕ್ಕೆ,

ಚಾಮರಾಜನಗರದ ಮತದಾರನೊಬ್ಬನ ನಮಸ್ಕಾರಗಳು.

ತಾವು ಯಾವ ಪಕ್ಷದವರು, ಯಾವ ಮಠದ ಶಿಷ್ಯರು, ಯಾವ ಜ್ಯೋತಿಷಿಯ ಗಿರಾಕಿ ಎಂಬುದು ನನಗೆ ಗೊತ್ತಿಲ್ಲ. ಗೊತ್ತಾಗಬೇಕಾದ ಅಗತ್ಯವೂ ಇಲ್ಲ. ಬೇರೆ ವಿಷಯದಲ್ಲಿ ಹೇಗೋ ಏನೋ, ನಮ್ಮೂರಿನ ವಿಷಯದಲ್ಲಿ ಮಾತ್ರ ಎಲ್ಲ ಪಕ್ಷಗಳದೂ ಬಹುಕಾಲ ಒಂದೇ ಪ್ರಣಾಳಿಕೆ: ಆ ಕಡೆ ತಲೆ ಹಾಕಬೇಡ. ತಮಗೆ ತೊಂದರೆಯಾಗದಿರಲಿ ಎಂದು ಈ ಕಾಗದವನ್ನು ರಾಹುಕಾಲ ಕಳೆದ ಮೇಲೆಯೇ ಅಂಚೆ ಡಬ್ಬಿಗೆ ಹಾಕಿದ್ದೇನೆ. ಆದರೂ ಲಕೋಟೆಯ ಮೇಲೆ ಊರಿನ ಮುದ್ರೆ ಬಿದ್ದೇ ಬಿದ್ದಿರುತ್ತದೆ. ಮುಟ್ಟಲು ಹೆದರಿಕೆಯಾದರೆ ಆಪ್ತ ಕಾರ್ಯದರ್ಶಿಯವರಿಂದ ಓದಿಸಿಕೊಳ್ಳಿ. ಅವರು ಅಧಿಕಾರಿಗಳು, ಎತ್ತಂಗಡಿ ಅವರಿಗೆ ಹೊಸದಲ್ಲ.

ಮೊದಲು ಊರಿನ ಪರಿಚಯ. ಹಿಂದೆ ಇದಕ್ಕೆ ಅರಿಕುಠಾರ ಎಂದು ಹೆಸರು. ತಂದೆ ಚಾಮರಾಜ ಒಡೆಯರು ಹುಟ್ಟಿದ ಊರು ಎಂಬ ಪ್ರೀತಿಯಿಂದ ಮುಮ್ಮಡಿ ಕೃಷ್ಣರಾಜ ಒಡೆಯರು 1818ರಲ್ಲಿ ಹೆಸರು ಬದಲಿಸಿದರು, ಚಾಮರಾಜೇಶ್ವರನಿಗೆ ಗುಡಿ ಕಟ್ಟಿಸಿದರು. ರಾಜರ ಕಾಲದಲ್ಲಿ ನಮ್ಮದು ಅರಸರು ಹುಟ್ಟಿದ ಊರು. ಪ್ರಜಾಪ್ರಭುತ್ವ ಬಂದ ಮೇಲೆ ಅರಸರನ್ನು ಇಳಿಸುವ ಊರು ಎಂಬ ಬಡ್ತಿ ಸಿಕ್ಕಿತು. ಬಡ್ತಿಗೆ ನಾವು ಅರ್ಜಿ ಹಾಕಿರಲಿಲ್ಲ.

ನಮ್ಮ ಮೇಲಿನ ಆರೋಪಪಟ್ಟಿ ತಮಗೆ ಬಾಯಿಪಾಠ ಇರಬೇಕು. ದೇವರಾಜ ಅರಸು, ಗುಂಡೂರಾವ್, ರಾಮಕೃಷ್ಣ ಹೆಗಡೆ, ಎಸ್.ಆರ್. ಬೊಮ್ಮಾಯಿ, ವೀರೇಂದ್ರ ಪಾಟೀಲ್: ಈ ಮುಖ್ಯಮಂತ್ರಿಗಳೆಲ್ಲ ಇಲ್ಲಿಗೆ ಬಂದರು, ಅಲ್ಲಿ ಕುರ್ಚಿ ಕಳೆದುಕೊಂಡರು ಎಂಬುದು ಪ್ರತೀತಿ. ಆರೋಪಿಯ ಪರವಾಗಿ ಎರಡು ಮಾತು ಹೇಳಿಬಿಡುತ್ತೇನೆ. 1988ರಲ್ಲಿ ಹೆಗಡೆಯವರನ್ನು ಇಳಿಸಿದ್ದು ದೂರವಾಣಿ ಕದ್ದಾಲಿಕೆ. ಆ ಫೋನುಗಳಿಗೆ ನಮ್ಮೂರ ಎಕ್ಸ್‌ಚೇಂಜಿನವರು ಕಿವಿಗೊಟ್ಟಿರಲಿಲ್ಲ. 1989ರಲ್ಲಿ ಬೊಮ್ಮಾಯಿಯವರ ಸರ್ಕಾರವನ್ನು ವಜಾ ಮಾಡಿದ್ದು 356ನೇ ವಿಧಿ. ಅದು ಸುಪ್ರೀಂ ಕೋರ್ಟಿನವರೆಗೆ ಹೋಗಿ 1994ರಲ್ಲಿ ದೇಶವೇ ಓದುವ ತೀರ್ಪಾಯಿತು. ಆ ತೀರ್ಪಿನಲ್ಲಿ ಗ್ರಹಚಾರದ ಪ್ರಸ್ತಾಪವಿಲ್ಲ. 1990ರಲ್ಲಿ ವೀರೇಂದ್ರ ಪಾಟೀಲರು ಇಳಿಯುತ್ತಾರೆಂದು ರಾಜೀವ್ ಗಾಂಧಿಯವರು ಹೇಳಿದ್ದು ಬೆಂಗಳೂರಿನ ವಿಮಾನ ನಿಲ್ದಾಣದಲ್ಲಿ. ನಮ್ಮೂರಲ್ಲಿ ವಿಮಾನ ನಿಲ್ದಾಣವೇ ಇಲ್ಲ, ಸ್ವಾಮಿ. 2007ರಲ್ಲಿ ಕುಮಾರಸ್ವಾಮಿಯವರು ಬಂದುಹೋದ ಮೇಲೆ ಸರ್ಕಾರ ಬಿತ್ತು, ನಿಜ. ಇಪ್ಪತ್ತು ತಿಂಗಳು ನಾನು, ಇಪ್ಪತ್ತು ತಿಂಗಳು ನೀನು ಎಂದು ಬಿಜೆಪಿಯ ಜೊತೆ ಮಾಡಿಕೊಂಡ ಒಪ್ಪಂದದ ಎರಡನೆಯ ಕಂತು ಕಟ್ಟದಿದ್ದರೆ ಸಾಲ ಕೊಟ್ಟವನು ಸುಮ್ಮನಿರುತ್ತಾನೆಯೇ? ಕುಣಿಯಲಾರದವಳು ನೆಲ ಡೊಂಕು ಅಂದಳಂತೆ. ಇಲ್ಲಿ ನೆಲ ಎಂದರೆ ನಾವು.

ಬರದೆ ಉಳಿದವರ ಕಥೆಯನ್ನು ಮಾತ್ರ ಯಾರೂ ಹೇಳುವುದಿಲ್ಲ. ಎಸ್.ಎಂ. ಕೃಷ್ಣ ಬರಲಿಲ್ಲ, 2004ರಲ್ಲಿ ಅಧಿಕಾರ ಕಳೆದುಕೊಂಡರು. ಧರ್ಮಸಿಂಗ್ ಬರಲಿಲ್ಲ, 2006ರಲ್ಲಿ ಜೊತೆಗಿದ್ದವರೇ ಕೈ ಕೊಟ್ಟರು. ಯಡಿಯೂರಪ್ಪನವರು ನಾಲ್ಕು ಸಲ ಮುಖ್ಯಮಂತ್ರಿಯಾದರು, ಒಂದು ಸಲ ವಾರದ ಮಟ್ಟಿಗೆ, ಇನ್ನೊಂದು ಸಲ ಮೂರು ದಿನ. ಒಮ್ಮೆಯೂ ಆ ಹುದ್ದೆಯಲ್ಲಿದ್ದಾಗ ನಮ್ಮ ಪಟ್ಟಣಕ್ಕೆ ಕಾಲಿಡಲಿಲ್ಲ, ನಾಲ್ಕೂ ಸಲ ರಾಜೀನಾಮೆ ಕೊಟ್ಟರು. ಕೊನೆಯ ಸಲವಂತೂ 2021ರ ಜುಲೈ 25ರಂದು ಬೆಂಗಳೂರಿನ ಅರಮನೆ ಮೈದಾನದಲ್ಲಿ ನೂರಾರು ಮಠಾಧೀಶರು ಸೇರಿ ಅವರೇ ಮುಂದುವರಿಯಲಿ ಎಂದರು. ಮರುದಿನ ಕುರ್ಚಿ ಖಾಲಿ. ಅಷ್ಟೂ ಕಾವಿ ಸೇರಿ ಉಳಿಸಲಾಗದ್ದನ್ನು ಪಾಪದ ಒಂದು ಜಿಲ್ಲಾ ಕೇಂದ್ರ ಉರುಳಿಸಬಲ್ಲದು ಎಂದರೆ ನಮಗೆ ಹೆಮ್ಮೆಯೇ. ಅರಮನೆ ಮೈದಾನಕ್ಕೆ ಶಾಪವಿದೆ ಎಂದು ಇದುವರೆಗೆ ಯಾರೂ ಹೇಳಿಲ್ಲ, ಗಮನಿಸಿ.

ನಾನು ನಾಸ್ತಿಕನಲ್ಲ. ದೀಪಾವಳಿ ಜಾತ್ರೆಗೆ ಮಾದಪ್ಪನ ಬೆಟ್ಟ ಹತ್ತುವವನು, ಉಘೇ ಮಾದಪ್ಪ ಎಂದು ಗಂಟಲು ಹರಿಯುವಂತೆ ಕೂಗುವವನು. ಅದಕ್ಕೇ ಸಿಟ್ಟು. 1997ರಲ್ಲಿ ನಮಗೆ ಪ್ರತ್ಯೇಕ ಜಿಲ್ಲೆ ಕೊಟ್ಟರಲ್ಲ, ಅದರ ಉದ್ಘಾಟನೆ ನಡೆದದ್ದು ಜಿಲ್ಲಾ ಕೇಂದ್ರದಲ್ಲಲ್ಲ. ನೂರು ಕಿಲೋಮೀಟರಿಗೂ ಆಚೆ, ಮಲೆ ಮಹದೇಶ್ವರ ಬೆಟ್ಟದಲ್ಲಿ. ಮಾಡಿದವರು ಜೆ.ಎಚ್. ಪಟೇಲರು, ಲೋಹಿಯಾ ಗರಡಿಯಲ್ಲಿ ಪಳಗಿದ ಸಮಾಜವಾದಿ. ಕೂಸು ಹುಟ್ಟಿದ್ದು ಇಲ್ಲಿ, ನಾಮಕರಣ ಅಲ್ಲಿ. ಅಂದಿನಿಂದ ಬೆಟ್ಟವೇ ಎಲ್ಲರಿಗೂ ಅನುಕೂಲದ ದಾರಿಯಾಯಿತು. ಕೊಳ್ಳೇಗಾಲ, ಹನೂರು ಹಾದು ಬೆಟ್ಟಕ್ಕೆ ಹೋದರೆ ಜಿಲ್ಲೆಗೆ ಬಂದ ಹಾಗೂ ಆಯಿತು, ಊರಿಗೆ ಬಾರದ ಹಾಗೂ ಆಯಿತು. ದೇವತೆಗಳನ್ನೇ ಸೆರೆಯಲ್ಲಿಟ್ಟ ಶ್ರವಣ ದೊರೆಯನ್ನು ಮಾದಪ್ಪ ಮುಗಿಸಿದ ಕಥೆಯನ್ನು ಇಲ್ಲಿ ಕಂಸಾಳೆಯವರು ರಾತ್ರಿಯಿಡೀ ಹಾಡುತ್ತಾರೆ. ಅಂಥ ದೇವರನ್ನು ಬೈಪಾಸ್ ರಸ್ತೆ ಮಾಡಿಕೊಂಡವರನ್ನು ನಾನು ಭಕ್ತರೆಂದು ಕರೆಯಲಾರೆ.

ಇದರಿಂದ ನಮಗೇನು ನಷ್ಟ ಎಂದು ಕೇಳುತ್ತೀರೋ? ಬಸ್ ನಿಲ್ದಾಣದ ಬಳಿಯ ಟೀ ಅಂಗಡಿಯವನು ಅದನ್ನು ನನಗಿಂತ ಚೆನ್ನಾಗಿ ಹೇಳುತ್ತಾನೆ. "ಬುಡಿ ಬುದ್ಧೀ, ಅವ್ರು ಬಂದು ನಮ್ಗೇನ್ ಕೊಡ್ಬೇಕಾಗಿಲ್ಲ. ಬತ್ತೀವಿ ಅಂತ ಅಂದಿದ್ರೆ ಸಾಕಾಗಿತ್ತು ಕನಾ, ರಸ್ತೆಗೆ ಟಾರಾದ್ರೂ ಬೀಳ್ತಿತ್ತು." ಮುಖ್ಯಮಂತ್ರಿ ಬರುವ ಊರು ಹೇಗಿರುತ್ತದೆಂದು ತಮಗೆ ಗೊತ್ತಿರಲಿಕ್ಕಿಲ್ಲ, ಯಾಕೆಂದರೆ ತಾವು ನೋಡುವುದು ಬಂದ ಮೇಲಿನ ಊರನ್ನು. ಎರಡು ದಿನ ಮುಂಚೆ ಗುಂಡಿಗಳಿಗೆ ಜಲ್ಲಿ ಬೀಳುತ್ತದೆ, ರಾತ್ರೋರಾತ್ರಿ ಟಾರು ಕಾಯುತ್ತದೆ, ಚರಂಡಿಯ ಎರಡೂ ಕಡೆ ಬ್ಲೀಚಿಂಗ್ ಪೌಡರಿನ ಬಿಳಿ ಗೆರೆ, ರಸ್ತೆ ನಡುವಿನ ಕಟ್ಟೆಗೆ ಕಪ್ಪು ಬಿಳಿ ಬಣ್ಣ, ಯಾವತ್ತೋ ಕೆಟ್ಟ ಬೀದಿದೀಪಕ್ಕೆ ಜೀವ. ಇದನ್ನು ಬೇರೆ ಜಿಲ್ಲೆಯವರು ವರ್ಷಕ್ಕೆರಡು ಸಲ ಉಂಡರು. ನಮಗೆ ಎಷ್ಟೋ ವರ್ಷ ಅಷ್ಟೂ ದಕ್ಕಲಿಲ್ಲ.

ಟಾರಿನ ಮಾತು ನಗೆಯಾಡಿ ಮರೆಯಬಹುದು. 2021ರ ಮೇ 2ರ ರಾತ್ರಿಯನ್ನು ಹಾಗೆ ಮರೆಯಲಾಗುವುದಿಲ್ಲ. ನಮ್ಮ ಜಿಲ್ಲಾಸ್ಪತ್ರೆಯಲ್ಲಿ ಆಮ್ಲಜನಕ ತೀರುತ್ತಾ ಬಂತು. ಸಿಲಿಂಡರ್ ಬರಬೇಕಾದದ್ದು ಮೈಸೂರಿನಿಂದ, ಅರವತ್ತು ಕಿಲೋಮೀಟರ್ ದಾರಿ. ಬೆಳಗಾಗಿ ಲೆಕ್ಕ ಹಾಕಿದಾಗ ಸತ್ತವರು 24 ಮಂದಿ. ಆಮ್ಲಜನಕ ಇಲ್ಲದೆ ಸತ್ತವರು ಮೂವರೇ ಎಂದು ಆಗಿನ ಆರೋಗ್ಯ ಸಚಿವರು ಹೇಳಿದರು. ಹೈಕೋರ್ಟ್ ನೇಮಿಸಿದ ಸಮಿತಿ ಆ ಲೆಕ್ಕ ಒಪ್ಪಲಿಲ್ಲ. ಯಾರು ತರಬೇಕಿತ್ತು, ಯಾರು ಕಳಿಸಬೇಕಿತ್ತು ಎಂದು ಎರಡು ಜಿಲ್ಲೆಗಳ ಅಧಿಕಾರಿಗಳು ಬೆರಳು ತೋರಿಸಿಕೊಂಡರು. ಮುಖ್ಯಮಂತ್ರಿಗಳು ಬರಲಿಲ್ಲ. ಕೋವಿಡ್ ಕಾಲ, ವಯಸ್ಸಾಗಿತ್ತು, ಕೆಲಸದ ಒತ್ತಡವಿತ್ತು, ಏನು ಬೇಕಾದರೂ ಕಾರಣವಿರಬಹುದು. ಆದರೆ ದಶಕಗಳ ಕಾಲ ನಮ್ಮೂರಿಗೆ ಬಾರದಿರುವುದನ್ನೇ ಒಂದು ಸಂಪ್ರದಾಯ ಮಾಡಿಟ್ಟಿದ್ದರಿಂದ, ಆ ಕಾರಣಗಳಲ್ಲಿ ಯಾವುದನ್ನೂ ನಂಬಬೇಕೆಂದು ಸತ್ತವರ ಮನೆಯವರಿಗೆ ಅನ್ನಿಸಲಿಲ್ಲ. ನನಗೂ ಅನ್ನಿಸಲಿಲ್ಲ.

ತಾವು ಪ್ರಮಾಣವಚನ ತೆಗೆದುಕೊಳ್ಳುವಾಗ ಒಂದು ಮಾತು ಹೇಳುತ್ತೀರಿ, ಗೊತ್ತಿದೆಯೇ? ಸಂವಿಧಾನದ ಮೂರನೆಯ ಅನುಸೂಚಿಯಲ್ಲಿದೆ: ಭಯವಾಗಲಿ ಪಕ್ಷಪಾತವಾಗಲಿ ಇಲ್ಲದೆ ಎಲ್ಲರಿಗೂ ನ್ಯಾಯ ಒದಗಿಸುತ್ತೇನೆ ಎಂದು. ಭಯವಿಲ್ಲ ಎಂದು ಆಣೆ ಮಾಡುವ ಆ ಮುಹೂರ್ತವನ್ನು ನಿಮಿಷ ಲೆಕ್ಕ ಹಾಕಿ ಇಟ್ಟುಕೊಡುವವರು ಯಾರು, ಹೇಳಿ ನೋಡೋಣ. ರಾಜಭವನದವರಂತೂ ಅಲ್ಲ.

ಭಯದಲ್ಲೂ ತಮ್ಮವರು ಆಯ್ಕೆ ಮಾಡುತ್ತಾರೆ ಎಂಬುದೇ ನನ್ನ ತಕರಾರು. ಕಾಗೆಗೆ ಹೆದರುತ್ತಾರೆ, ಕಡತಕ್ಕೆ ಹೆದರುವುದಿಲ್ಲ. ದಕ್ಷಿಣದ ಬಾಗಿಲಿಗೆ ಹೆದರುತ್ತಾರೆ, ಲೋಕಾಯುಕ್ತದ ಬಾಗಿಲಿಗೆ ಹೆದರುವುದಿಲ್ಲ. ದೇವರಿಗೆ ಹೆದರುತ್ತಾರೆಯೋ ಎಂದರೆ ಅದೂ ಅನುಮಾನ. 2011ರ ಜೂನ್ 27ರಂದು ಆಗಿನ ಮುಖ್ಯಮಂತ್ರಿ ಯಡಿಯೂರಪ್ಪನವರೂ ಕುಮಾರಸ್ವಾಮಿಯವರೂ ಧರ್ಮಸ್ಥಳಕ್ಕೆ ಹೋದದ್ದನ್ನು ರಾಜ್ಯವೇ ಟಿ.ವಿ. ಮುಂದೆ ಕೂತು ನೋಡಿತು. ಮಂಜುನಾಥನ ಮುಂದೆ ಆಣೆ ಮಾಡು ಎಂಬುದು ಸವಾಲು. ಇಬ್ಬರೂ ಹೋದರು, ಕೈ ಮುಗಿದರು, ಪೂಜೆ ಮಾಡಿಸಿದರು. ಸವಾಲು ಹಾಕಿದಂತೆ ಎದುರುಬದುರು ನಿಂತು ಆಣೆ ಮಾತ್ರ ಆಗಲಿಲ್ಲ. ಮುಂದಿನ ತಿಂಗಳು ಗಣಿ ಕುರಿತ ಲೋಕಾಯುಕ್ತ ವರದಿ ಬಂತು, ಮುಖ್ಯಮಂತ್ರಿ ಹೋದರು. ಅಂದು ಮಂಜುನಾಥನಿಗೆ ಎಷ್ಟು ನಗು ಬಂದಿತ್ತೋ, ಲೋಕಾಯುಕ್ತ ನ್ಯಾಯಮೂರ್ತಿ ಸಂತೋಷ್ ಹೆಗ್ಡೆಯವರು ಮಾತ್ರ ನಗದೆ ವರದಿ ಬರೆದರು.

ಇದು ಒಂದೇ ಪಕ್ಷದ ಕಥೆ ಎಂದು ತಾವು ಖುಷಿಪಡುತ್ತಿದ್ದರೆ ಸ್ವಲ್ಪ ತಡೆಯಿರಿ. ವಿಧಾನಸೌಧದ ಹಣೆಯ ಮೇಲೆ ಸರ್ಕಾರದ ಕೆಲಸ ದೇವರ ಕೆಲಸ ಎಂದು ಕೆತ್ತಿದೆಯಲ್ಲ, ಅದನ್ನು ತಿರುವಿಹಾಕಿ ಓದುವುದರಲ್ಲಿ ಎಲ್ಲರೂ ಪಂಡಿತರೇ. 2012ರಲ್ಲಿ ಮಳೆ ಕೈಕೊಟ್ಟಾಗ ಬಿಜೆಪಿ ಸರ್ಕಾರ ಸುಮಾರು 34,000 ಮುಜರಾಯಿ ದೇವಸ್ಥಾನಗಳಲ್ಲಿ ಪೂಜೆಗೆ ಆಜ್ಞೆ ಮಾಡಿತು, 17 ಕೋಟಿ ರೂಪಾಯಿಯ ಲೆಕ್ಕ. 2017ರಲ್ಲಿ ಕಾಂಗ್ರೆಸ್ ಸರ್ಕಾರದ ಜಲಸಂಪನ್ಮೂಲ ಸಚಿವರು ಕಾವೇರಿಯ ಉಗಮದಲ್ಲಿ ಪರ್ಜನ್ಯ ಹೋಮ ಮಾಡಿಸಿದರು. 2019ರಲ್ಲಿ ಕಾಂಗ್ರೆಸ್ಸೂ ಜೆಡಿಎಸ್ಸೂ ಸೇರಿದ ಸರ್ಕಾರ ಮತ್ತೆ ದೇವಸ್ಥಾನಗಳಿಗೆ ಸುತ್ತೋಲೆ ಹೊರಡಿಸಿತು. ಸಚಿವರು ಶೃಂಗೇರಿ ಬಳಿಯ ಕಿಗ್ಗದ ಋಷ್ಯಶೃಂಗನಿಗೂ ಮೊರೆಯಿಟ್ಟರು. ರೈತ ತನ್ನ ಹೊಲದ ಬದುವಿನಲ್ಲಿ ನಿಂತು ಮಳೆರಾಯನಿಗೆ ಕೈ ಮುಗಿದರೆ ಅದು ಅವನ ನಂಬಿಕೆ, ಅದರ ಮುಂದೆ ನಾನು ತಲೆಬಾಗುತ್ತೇನೆ. ಕೆರೆಯ ಹೂಳು ತೆಗೆಸಬೇಕಾದವರು ಅದೇ ಕೆಲಸ ಮಾಡಿದರೆ ಅದಕ್ಕೆ ನಂಬಿಕೆ ಎನ್ನುವುದಿಲ್ಲ, ಜವಾಬ್ದಾರಿ ವರ್ಗಾವಣೆ ಎನ್ನುತ್ತಾರೆ.

ನ್ಯಾಯವಾಗಿ ಸಿದ್ದರಾಮಯ್ಯನವರಿಗೆ ನಮ್ಮೂರು ಋಣಿ. 2013ರಲ್ಲಿ ಬಂದರು, ಮತ್ತೆ ಮತ್ತೆ ಬಂದರು, ಐದು ವರ್ಷ ಪೂರೈಸಿದರು. ವಾಸ್ತು ಸರಿಯಿಲ್ಲವೆಂದು ಮುಚ್ಚಿಟ್ಟಿದ್ದ ತಮ್ಮ ಕೊಠಡಿಯ ದಕ್ಷಿಣದ ಬಾಗಿಲನ್ನು 2023ರಲ್ಲಿ ತೆಗೆಸಿ ಅದರಿಂದಲೇ ಒಳಗೆ ಹೋದರು. ಭೇಷ್. ಆದರೆ 2016ರಲ್ಲಿ ಅವರ ಕಾರಿನ ಮೇಲೆ ಒಂದು ಕಾಗೆ ಬಂದು ಕೂತಿತು. ಓಡಿಸಿದರೂ ಏಳಲಿಲ್ಲ. ಕೆಲವೇ ದಿನದಲ್ಲಿ ಹೊಸ ಕಾರು ಬಂತು. ಕಾಗೆಗೂ ಕಾರಿಗೂ ಸಂಬಂಧವಿಲ್ಲ ಎಂಬ ಸ್ಪಷ್ಟನೆಯೂ ಬಂತು. ನಾನು ಆ ಸ್ಪಷ್ಟನೆಯನ್ನು ನಂಬುತ್ತೇನೆ. ಕಾಗೆ ನಂಬಿತೋ ಇಲ್ಲವೋ.

ಅವರದೇ ಸರ್ಕಾರ 2017ರಲ್ಲಿ ಮೌಢ್ಯ ನಿಷೇಧ ಕಾನೂನು ತಂದಿತು. ಕರಡು ಹೊರಬಿದ್ದದ್ದು 2013ರಲ್ಲಿ. ನಡುವಿನ ನಾಲ್ಕು ವರ್ಷ ಅದಕ್ಕೆ ಮುಹೂರ್ತ ಕೂಡಿಬರಲಿಲ್ಲ. ಅಷ್ಟರಲ್ಲಿ 2015ರ ಆಗಸ್ಟ್ 30ರಂದು ಧಾರವಾಡದಲ್ಲಿ ಮೌಢ್ಯವನ್ನು ಪ್ರಶ್ನಿಸಿದ ಸಂಶೋಧಕ ಎಂ.ಎಂ. ಕಲಬುರ್ಗಿಯವರನ್ನು, 2017ರ ಸೆಪ್ಟೆಂಬರ್ 5ರಂದು ಬೆಂಗಳೂರಿನಲ್ಲಿ ಪತ್ರಕರ್ತೆ ಗೌರಿ ಲಂಕೇಶರನ್ನು ಅವರವರ ಮನೆ ಬಾಗಿಲಲ್ಲೇ ಗುಂಡಿಕ್ಕಿ ಕೊಂದರು. ಕಾವಲುಪಡೆಯ ನಡುವೆ ಇದ್ದವರು ಒಂದು ಊರಿಗೆ ಹೆದರುತ್ತಿದ್ದ ರಾಜ್ಯದಲ್ಲಿ ಆ ಇಬ್ಬರು ಬೆಲ್ ಆದಾಗ ಬಾಗಿಲು ತೆಗೆಯುತ್ತಾ, ಸಂಜೆ ತಾವೇ ಕಾರು ಓಡಿಸಿಕೊಂಡು ಮನೆಗೆ ಬರುತ್ತಾ ಬದುಕಿದ್ದರು. ಕೊನೆಗೆ ಬಂದ ಕಾನೂನಿನಲ್ಲಿ ಮಡೆಸ್ನಾನ, ಬೆಂಕಿ ಮೇಲೆ ನಡೆಸುವುದು ಇತ್ಯಾದಿ ನಿಷಿದ್ಧ. ಜ್ಯೋತಿಷ್ಯ, ವಾಸ್ತು ಮಾತ್ರ ಹೊರಗೆ. ಎಲೆ ಮೇಲೆ ಉರುಳುವ ಬಡವನ ಮೌಢ್ಯಕ್ಕೆ ಜೈಲು, ಎ.ಸಿ. ಕೊಠಡಿಯ ಮೌಢ್ಯಕ್ಕೆ ರಿಯಾಯಿತಿ. ಶಾಸಕರು ತಮ್ಮ ಮನೆಯ ಅಡಿಪಾಯವನ್ನು ತಾವೇ ಅಗೆಯಲಿ ಎಂದು ನಾವೂ ನಿರೀಕ್ಷಿಸಿರಲಿಲ್ಲ ಬಿಡಿ.

2024ರಲ್ಲಿ ಸಿದ್ದರಾಮಯ್ಯನವರು ಬಸವಣ್ಣನವರನ್ನು ಕರ್ನಾಟಕದ ಸಾಂಸ್ಕೃತಿಕ ನಾಯಕ ಎಂದು ಘೋಷಿಸಿ, ಸರ್ಕಾರಿ ಕಚೇರಿಗಳಲ್ಲಿ ಅವರ ಭಾವಚಿತ್ರ ಹಾಕಲು ಆದೇಶ ಮಾಡಿದರು. ಲಗ್ನ, ತಿಥಿಗಳನ್ನು ಎಂಟು ಶತಮಾನದ ಹಿಂದೆಯೇ ಗೇಲಿ ಮಾಡಿದ ಆ ಮನುಷ್ಯ ಈಗ ಎಷ್ಟೋ ಕಚೇರಿಗಳಲ್ಲಿ ರಾಹುಕಾಲ ಅಚ್ಚಾದ ಕ್ಯಾಲೆಂಡರಿನ ಪಕ್ಕದಲ್ಲಿ ಮೊಳೆಗೆ ತೂಗುತ್ತಿದ್ದಾರೆ.

ಇನ್ನು ವಿನಂತಿ. ತಾವು ಬರುವುದಾದರೆ ಆಷಾಢದಲ್ಲಿ ಬನ್ನಿ. ಬೇರೆಲ್ಲ ಕಡೆ ಶುಭಕಾರ್ಯಕ್ಕೆ ರಜೆ ಇರುವ ತಿಂಗಳಲ್ಲಿ ನಮ್ಮ ಚಾಮರಾಜೇಶ್ವರನ ತೇರು ಎಳೆಯುತ್ತೇವೆ. ಅತ್ತೆ ಸೊಸೆ ಒಂದೇ ಸೂರಿನಡಿ ಇರಬಾರದೆಂದು ತವರಿಗೆ ಕಳಿಸಿದ ಹೊಸ ಹೆಣ್ಣುಗಳು ಇಲ್ಲಿ ಗಂಡನ ಪಕ್ಕ ನಿಂತು ತೇರಿಗೆ ಹಣ್ಣು ಜವನ ಎಸೆಯುತ್ತಾರೆ. 2017ರಲ್ಲಿ ಯಾರೋ ತೇರಿಗೆ ಬೆಂಕಿ ಇಟ್ಟರು, ಹೊಸದು ಉರುಳಲು 2022ರ ಜುಲೈವರೆಗೆ ಕಾಯಬೇಕಾಯಿತು. ಅಷ್ಟು ವರ್ಷ ತೇರಿಲ್ಲದೆಯೂ ಇಲ್ಲಿ ಮದುವೆಗಳಾದವು, ಮಕ್ಕಳೂ ಆದವು, ಯಾರ ಸಂಸಾರವೂ ಬಿದ್ದುಹೋಗಲಿಲ್ಲ. ತೇರು ನೋಡಿ ಆದ ಮೇಲೆ ಜಿಲ್ಲಾಸ್ಪತ್ರೆಗೂ ಬನ್ನಿ. ಮುಂಚಿತವಾಗಿ ತಿಳಿಸಬೇಡಿ, ತಿಳಿಸಿದರೆ ಬ್ಲೀಚಿಂಗ್ ಪೌಡರ್ ಹಾಕಿಬಿಡುತ್ತಾರೆ. ಆ 24 ಮನೆಗಳ ವಿಳಾಸ ಜಿಲ್ಲಾಧಿಕಾರಿ ಕಚೇರಿಯಲ್ಲಿ ಸಿಗುತ್ತದೆ.

ಇಂತಿ ತಮ್ಮ ವಿಶ್ವಾಸಿ,
ಚಾಮರಾಜನಗರದ ಒಬ್ಬ ಮತದಾರ

ಮರೆತ ಮಾತು: ಬಂದುಹೋಗುವ ಅಷ್ಟು ಹೊತ್ತು ಕುರ್ಚಿ ಕಾಯಲು ಬೆಂಗಳೂರಿನಲ್ಲಿ ಯಾರನ್ನಾದರೂ ಕೂರಿಸಿ ಬರುವುದಿದ್ದರೆ ಉಪಮುಖ್ಯಮಂತ್ರಿಗಳನ್ನು ಮಾತ್ರ ಕೂರಿಸಬೇಡಿ. ಆಮೇಲೆ ಆ ತಪ್ಪೂ ನಮ್ಮೂರ ತಲೆಗೇ ಬರುತ್ತದೆ.