ನುಚ್ಚಾಗಲಿ, ಹಿಟ್ಟಾಗದಿರಲಿ

ಬಾರಪ್ಪ, ಬೇಲಿ ಹತ್ತಿರಕ್ಕೇ ಬಾ. ನಿನ್ನ ಗ್ಯಾರೇಜಿನಿಂದ ಆ ಸದ್ದು ಬಂದಾಗಲೇ ಅಂದ್ಕೊಂಡೆ, ನೀನೂ ಮನೇಲಿ ಬಿಯರ್ ಮಾಡೋಕೆ ಬಾರ್ಲಿ ಮಾಲ್ಟ್ ಒಡೀತಿದೀಯ ಅಂತ. ಡ್ರಿಲ್ಲು ಹಾಗೆ ಕಿರುಚ್ತಿದೆ ಅಂದ್ರೆ ಓಟ ಜಾಸ್ತಿ ಆಗಿದೆ. ಒಡೆದಿದ್ದರಲ್ಲಿ ಒಂದು ಹಿಡಿ ತೊಗೊಂಡು ಬಾ, ನೋಡೋಣ.

ಇಲ್ನೋಡು, ಕೈಗೆಲ್ಲ ಬಿಳೀ ಹಿಟ್ಟು ಮೆತ್ತಿದೆ, ಹೊಟ್ಟು ಪುಡಿಪುಡಿ. ಊರಲ್ಲಿ ರಾಗಿ ಬೀಸ್ತಿದ್ದಿದ್ದು ಹಿಟ್ಟಿಗೆ. ಇಲ್ಲಿ ಬೇಕಿರೋದು ನುಚ್ಚು. ಒಳಗಿನ ತಿರುಳು ನಾಲ್ಕಾರು ಚೂರಾಗಬೇಕು, ಹೊಟ್ಟು ಆದಷ್ಟೂ ಇಡಿಯಾಗಿ ಉಳೀಬೇಕು. 65–67 ಡಿಗ್ರಿ ಬಿಸಿನೀರಲ್ಲಿ ಒಂದು ಗಂಟೆ ನೆನೆಸಿ ಸಿಹಿನೀರು ಬಸಿಯುವಾಗ ಆ ಹೊಟ್ಟೇ ಜರಡಿ. ಅದು ಪುಡಿಯಾದ್ರೆ ಪಾತ್ರೆಯೊಳಗೆ ಅಂಬಲಿ ಕಟ್ಟುತ್ತೆ, ನಲ್ಲಿಯಿಂದ ಹನಿ ಇಳಿಯಲ್ಲ.

ಎರಡು ಉರುಳೆಯ ಗಿರಣಿ ತಾನೇ ನಿಂದು? ಒಳ್ಳೇದಾಯ್ತು. ಜೋಳ ಬೀಸೋ ತಟ್ಟೆ ಗಿರಣಿ ಅಗ್ಗ ನಿಜ, ಆದ್ರೆ ಅದು ಉಜ್ಜಿ ಹೊಟ್ಟು ಹರಿಯುತ್ತೆ. ಉರುಳೆ ಹಿಚುಕಿ ಬಿಡುತ್ತೆ. ಕೊಳ್ಳೋವಾಗ ನೋಡಬೇಕಾದ್ದು ಮುಖ್ಯವಾಗಿ ಎರಡು: ಉರುಳೆಗಳ ನಡುವಿನ ಸಂದು ಹೆಚ್ಚು ಕಡಿಮೆ ಮಾಡೋಕೆ ಬರಬೇಕು, ಉರುಳೆ ತುಕ್ಕು ಹಿಡೀಬಾರದು. ಈ ಪೋರ್ಟ್‌ಲ್ಯಾಂಡಿನ ಚಳಿಗಾಲದ ಮಳೆಗೆ ಸ್ಟೇನ್‌ಲೆಸ್ ಸ್ಟೀಲಿನದಕ್ಕೆ ನಾಲ್ಕು ಕಾಸು ಜಾಸ್ತಿ ಕೊಟ್ರೂ ನಷ್ಟವಿಲ್ಲ.

ಸಂದು 1 ಮಿಲಿಮೀಟರಿನ ಆಸುಪಾಸಿಗೆ ಇಡು. ಬ್ಯಾಂಕ್ ಕಾರ್ಡ್ ತೂರಿಸಿ ಅಳೀಬೇಡ, ಅದರ ದಪ್ಪ 0.76 ಅಷ್ಟೇ. ಕಾರು ರಿಪೇರಿಯವರ ಫೀಲರ್ ಗೇಜ್ ನನ್ಹತ್ರ ಇದೆ, ಕೊಡ್ತೀನಿ. ಉರುಳೆಯ ಎರಡೂ ತುದಿಯಲ್ಲಿ ಅಳತೆ ಒಂದೇ ಬರಬೇಕು. ಗೋಧಿ ಮಾಲ್ಟ್ ಇದ್ರೆ ಬೇರೆಯಾಗಿ ಒಡಿ. ಕಾಳು ಸಣ್ಣದು, ಗಟ್ಟಿ, ಮೇಲೆ ಹೊಟ್ಟೂ ಇಲ್ಲ. ಅದಕ್ಕೆ ಸಂದು ಬಿಗಿ ಮಾಡ್ಬೇಕು.

ಡ್ರಿಲ್ಲು ವೈರಿಂದೇ ಇರಲಿ, ಅರ್ಧ ಇಂಚಿನ ಚಕ್ಕು. ಓಟಕ್ಕಿಂತ ಎಳೆಯೋ ಶಕ್ತಿ ಮುಖ್ಯ. ನಿಮಿಷಕ್ಕೆ 150–200 ಸುತ್ತು ಸಾಕು. ಮೊದಲು ಖಾಲಿ ಗಿರಣಿ ತಿರುಗ್ತಿರಬೇಕು, ಆಮೇಲೆ ಕಾಳು ಸುರಿ. ತುಂಬಿಟ್ಟು ಶುರು ಮಾಡಿದ್ರೆ ಉರುಳೆ ಕಚ್ಕೊಂಡು ನಿಲ್ಲುತ್ತೆ, ಡ್ರಿಲ್ಲು ನಿನ್ನ ಮಣಿಕಟ್ಟನ್ನೇ ತಿರುಚುತ್ತೆ.

ಮುಗಿದ ಮೇಲೆ ನೀರು ಮುಟ್ಟಿಸ್ಬೇಡ. ಒಣ ಬ್ರಷ್ಷಲ್ಲಿ ಉರುಳೆಯ ಗೀರುಗಳಲ್ಲಿ ಕೂತ ಧೂಳು ತೆಗಿ. ಅಚ್ಚು ತಿರುಗೋ ಜಾಗಕ್ಕೆ ಅಡುಗೆ ಯಂತ್ರಕ್ಕೆ ಹಾಕೋ ಎಣ್ಣೆ ಒಂದು ತೊಟ್ಟು, ಉರುಳೆಗಲ್ಲ. ಕಾಳಲ್ಲಿ ಕಲ್ಲಿದ್ರೆ ಆರಿಸು, ಒಂದೇ ಕಲ್ಲು ಗೀರು ಕೆಡಿಸುತ್ತೆ. ಇನ್ನೊಂದು, ಬಿಯರ್ ಹುದುಗೋ ಕೋಣೆ ಹತ್ತಿರ ಒಡೀಬೇಡ. ಮಾಲ್ಟಿನ ಧೂಳಲ್ಲಿ ಹುಳಿ ಮಾಡೋ ಬ್ಯಾಕ್ಟೀರಿಯಾ ಇರುತ್ತೆ.

ನಮ್ಮಮ್ಮ ಬೀಸೋಕಲ್ಲಿನ ಮುಂದೆ ಕೂತು ಹಾಡ್ತಾ ಇರೋಳು. ಗೂಟ ಒಂದು ಕೈಲಿ, ಇನ್ನೊಂದು ಕೈಲಿ ಹಿಡಿ ಹಿಡಿಯಾಗಿ ರಾಗಿ. ಕಲ್ಲಿನ ಸದ್ದು ಕರ್ಕಶವಾದ್ರೆ ಸಾಕು, ಬಗ್ಗಿ ನೋಡದೇನೇ ಕೈ ರಾಗಿಗೆ ಹೋಗೋದು. ನೀನೂ ಕಿವಿಗೊಟ್ಟು ಒಡಿ. ಈಗ ಹೋಗು, ಓಟ ತಗ್ಗಿಸಿ ಇನ್ನೊಂದು ಸೇರು ಹಾಕು. ಸರಿಯಾಗಿದ್ರೆ ನನಗೆ ಇಲ್ಲಿಂದಲೇ ಕೇಳುತ್ತೆ.