ನಿಷ್ಕಾಯಿ ಮತ್ಸ್ಯಪದಾರ್ಥ ವಿಚಾರ

ಉಪೋದ್ಘಾತ

ಗ್ರಂಥದ ಹೆಸರಿನಲ್ಲೇ ಅರಿಸಮಾಸವಿದೆಯೆಂದು ಪಂಡಿತರು ಮೂಗು ಮುರಿಯಬಹುದು. ಉಪಸರ್ಗ ಸಂಸ್ಕೃತದ್ದು, ಕಾಯಿ ಕನ್ನಡದ್ದು, ವ್ಯಾಕರಣಕಾರ ಕೇಶಿರಾಜ ಒಪ್ಪುವುದಿಲ್ಲ. ಆದರೆ ಅಂಕೋಲೆ ಬಳಿಯ ನಮ್ಮ ಬೆಳಂಬಾರದಲ್ಲಿ ತೆಂಗಿನಕಾಯಿ ಹಾಕದೆ ಮೀನುಸಾರು ಮಾಡುವುದು ಅರಿಸಮಾಸಕ್ಕಿಂತ ದೊಡ್ಡ ದೋಷ. ದೊಡ್ಡದರ ಮರೆಯಲ್ಲಿ ಸಣ್ಣದು ದಾಟಿಹೋದೀತೆಂಬ ಧೈರ್ಯದಲ್ಲಿದ್ದೇನೆ.

ಅನ್ನಂಭಟ್ಟನ 'ತರ್ಕಸಂಗ್ರಹ'ದಂತೆ ಪದಾರ್ಥಗಳು 7. ದಕ್ಷಿಣ ಕನ್ನಡದವರಂತೆ ಅನ್ನಕ್ಕೆ ಕಲಸಿಕೊಳ್ಳುವುದೇ ಪದಾರ್ಥ. ಎರಡೂ ಮತಗಳನ್ನು ಒಂದೇ ಮಡಕೆಗೆ ಹಾಕುವುದು ಈ ಗ್ರಂಥದ ಪ್ರಯೋಜನ. ಬೆಟ್ಟದಲ್ಲಿ ಹೊಗೆ ಕಂಡರೆ ಬೆಂಕಿಯಿದೆಯೆಂದು ತಿಳಿ, ಅದಕ್ಕೆ ದೃಷ್ಟಾಂತ ಅಡುಗೆಮನೆ ಎಂದು ನಮ್ಮ ತಾರ್ಕಿಕರು ಶತಮಾನಗಳಿಂದ ಪಾಠ ಹೇಳಿದರು. ಅಡುಗೆಮನೆಯ ಬಾಗಿಲವರೆಗೆ ಬಂದ ಆ ಮಹನೀಯರಲ್ಲಿ ಒಬ್ಬರಾದರೂ ಒಲೆಯ ಮೇಲೇನು ಬೇಯುತ್ತಿದೆಯೆಂದು ಕೇಳಿದಂತಿಲ್ಲ. ಅವರು ಏಳನೆಯದಾಗಿ ಎಣಿಸಿದ ಪದಾರ್ಥ ಅಭಾವ, ಅಂದರೆ ಇಲ್ಲದಿರುವಿಕೆ. ಅದು 4 ಬಗೆ. ನಾಲ್ಕನ್ನೂ ತಮಿಳರ ಕಾಯಿ ಹಾಕದ ಮೀನುಸಾರಿನಲ್ಲಿ, ಅಂದರೆ ಮೀನ್ ಕುಳಂಬಿನಲ್ಲಿ, ಸಾಧಿಸಿ ತೋರಿಸುತ್ತೇನೆ.

ಪ್ರಾಗಭಾವ

ಹುಟ್ಟುವ ಮುಂಚಿನ ಇಲ್ಲದಿರುವಿಕೆ. ಇದಕ್ಕೆ ಆದಿಯಿಲ್ಲ, ಅಂತ್ಯವಿದೆ. ಉದಾಹರಣೆ: ಜೂನ್ 1ರಿಂದ ಜುಲೈ 31ರವರೆಗೆ ನಮ್ಮ ಕಡಲಿನಲ್ಲಿ ಯಾಂತ್ರಿಕ ಬೋಟುಗಳಿಗೆ 61 ದಿನಗಳ ನಿಷೇಧ. ಸರ್ಕಾರದ ಲೆಕ್ಕದಲ್ಲಿ ಇದಕ್ಕೆ ಆದಿಯುಂಟು. ದಿನವೂ ಒಣಮೀನು ಸುಟ್ಟುಕೊಂಡು ಗಂಜಿ ಉಣ್ಣುವವನ ಲೆಕ್ಕದಲ್ಲಿ ಇಲ್ಲ. ತಮಿಳುನಾಡಿನ ಪೂರ್ವ ಕರಾವಳಿಗೆ ಏಪ್ರಿಲ್ 15ರಿಂದ ಜೂನ್ 14ರವರೆಗೆ ನಿಷೇಧ. ಅಂದರೆ ಜೂನ್ ತಿಂಗಳ ಮೊದಲ 14 ದಿನ ಎರಡೂ ಕಡೆ ಬೋಟುಗಳು ದಡದಲ್ಲೇ. ಕಾವೇರಿಯಲ್ಲಿ ಕೂಡದ ಒಮ್ಮತ ಕಡಲಿನಲ್ಲಿ ಕೂಡಿಬಂದಿರುವುದನ್ನು ಇತಿಹಾಸಕಾರರು ಗಮನಿಸಿಲ್ಲ.

ನಮ್ಮ ಪ್ರಾಗಭಾವ ಆಗಸ್ಟಿನಲ್ಲಿ ಕೊನೆಗೊಂಡಿತು. ಭಾವ, ಅಂದರೆ ತಂಗಿಯ ಗಂಡ, ಕಾರವಾರದ ನೌಕಾನೆಲೆಯಲ್ಲಿದ್ದಾನೆ. ಅವರ ಪಕ್ಕದ ಮನೆಯವರು ಕಡಲೂರಿನವರು. ಅವರಿಂದ ತಂಗಿಗೆ, ತಂಗಿಯಿಂದ ಫೋನಿನಲ್ಲಿ ನನಗೆ, ಗುರುಪರಂಪರೆಯಾಗಿ ಕುಳಂಬಿನ ಮೂಲಪಾಠ ಇಳಿದುಬಂತು. ಕನ್ಯಾಕುಮಾರಿ ಕಡೆ ಕಾಯಿ ಅರೆದು ಹಾಕುವ ಪಾಠಾಂತರ ಇದೆಯಂತೆ. ಅದನ್ನು ಅಮ್ಮನಿಗೆ, ಅಂದರೆ ನಮ್ಮ ಅವ್ವಿಗೆ, ತಿಳಿಸದೆ ಇಡಲಾಯಿತು.

ಅನ್ಯೋನ್ಯಾಭಾವ

ಇದು ಅದಲ್ಲ, ಅದು ಇದಲ್ಲ ಎಂಬುದು. ಹುಣಸೆ ಉಪ್ಪಾಗೆಯಲ್ಲ, ಉಪ್ಪಾಗೆ ಮುರುಗಲಲ್ಲ, ಮುರುಗಲು ಅಮಟೆಕಾಯಿಯಲ್ಲ. ನಮ್ಮಲ್ಲಿ ಮೀನಿಗೊಂದು ಹುಳಿ, ಹುಳಿಗೊಂದು ಋತು. ಕುಳಂಬಿಗೆ ಹುಣಸೆಯೊಂದೇ ಗತಿ, ಲಿಂಬೆಹಣ್ಣಿನಷ್ಟು ಉಂಡೆ. ತಮಿಳರಲ್ಲಿ ಪುಳಿಯಾಗಿಯೇ ಉಳಿದದ್ದು ನಮ್ಮಲ್ಲಿ ಪಕಾರ ಹಕಾರವಾಗಿ ಹುಳಿಯಾಯಿತೆಂದು ಭಾಷಾಶಾಸ್ತ್ರ ಹೇಳುತ್ತದೆ. ಪಕಾರ ಬದಲಾದರೂ ಹಲ್ಲು ಚಳಿತದ್ದು ಬದಲಾಗಲಿಲ್ಲ.

ಮೀನು ಬಂಗಡೆ. ಇದರ ಶಾಸ್ತ್ರೀಯ ನಾಮ ರಾಸ್ಟ್ರೆಲಿಗರ್ ಕನಗುರ್ತ. ಕನಗುರ್ತ ಎಂಬುದು ಪ್ರಕೃತಿವಿಜ್ಞಾನಿ ಪ್ಯಾಟ್ರಿಕ್ ರಸೆಲ್ 1803ರ ತನ್ನ ಗ್ರಂಥಕ್ಕಾಗಿ ವಿಶಾಖಪಟ್ಟಣದಲ್ಲಿ ಕೇಳಿ ಬರೆದುಕೊಂಡ ಹೆಸರು. ಹಾಗಾಗಿ ತೆಲುಗು ನಾಮಧೇಯದ ಮೀನು, ಪೋರ್ಚುಗೀಸರು ತಂದ ಮೆಣಸು, ತಮಿಳು ಹುಳಿ, ಅಂಕೋಲೆ ಸಂತೆಯ ಮಡಕೆ. ಸಣ್ಣ ಈರುಳ್ಳಿ ಸಿಗದೆ, ಜಂತಿಗೆ ತೂಗುಹಾಕಿದ್ದ ಕುಮಟೆಯ ಸಿಹಿ ಈರುಳ್ಳಿ ಗೊಂಚಲಿನಿಂದ 4 ಕಿತ್ತೆ. ಗುರುಪರಂಪರೆ ಅಲ್ಲಿಗೇ ಕೆಟ್ಟಿತು.

ಅತ್ಯಂತಾಭಾವ

ಎಂದೆಂದೂ ಇಲ್ಲದಿರುವುದು, ಈ ಕುಳಂಬಿನಲ್ಲಿ ಕಾಯಿಯಂತೆ. ತುರಿಮಣೆ ಮೂಲೆಯಲ್ಲೇ ಒಣಗಿಕೊಂಡಿರುವುದನ್ನು ಅವ್ವಿ ನೋಡಿದಳು.

"ಕಾಯಿ ಇಲ್ದೇ ಮೀನ್ಸಾರು ಎಂತದಾ ತಮಾ? ಕಷಾಯನಾ?"

ಪೂರ್ವಪಕ್ಷ ಬಲವಾದದ್ದೇ. ಪಾರ್ಶ್ವವಾಯುವಿನ ನಾಟಿ ಔಷಧಿ ಹುಡುಕಿಕೊಂಡು ಎಲ್ಲೆಲ್ಲಿಂದಲೋ ಜನ ಬರುವ ಊರಿದು. ಕಷಾಯವನ್ನೂ ಸಾರನ್ನೂ ಬೇರೆ ಮಾಡಿ ನೋಡಲು ಇಲ್ಲಿಯವರಿಗೆ ಬರುತ್ತದೆ. ನಾನು ಇತಿಹಾಸದ ಮೊರೆಹೋದೆ: 1930ರಲ್ಲಿ ಉಪ್ಪಿನ ಕಾನೂನು ಮುರಿದ ಅಂಕೋಲೆಗೆ ಕಾಯಿಯ ಕಾನೂನು ಯಾವ ಲೆಕ್ಕ? ಉಪ್ಪು ಮುರಿದವರು ಉಪ್ಪು ಬಿಟ್ಟು ಉಂಡರೇನು ಎಂದು ಅವ್ವಿ ಕೇಳಿದಳು. ಗ್ರಂಥಕರ್ತನಲ್ಲಿ ಉತ್ತರವಿರಲಿಲ್ಲ. ಒಲೆ ಹೊತ್ತಿಸಿದ.

ಎಳ್ಳೆಣ್ಣೆ ಕಾದ ಮೇಲೆ ಸಾಸಿವೆ, ಮೆಂತ್ಯ, ಕರಿಬೇವು. ಮೆಂತ್ಯ ಕೆಂಪಾದರೆ ಸಾಕು. ಕಪ್ಪಾದರೆ ಸಾರು ನಿಜಕ್ಕೂ ಕಷಾಯವಾಗುತ್ತದೆ. ಈರುಳ್ಳಿ, ಬೆಳ್ಳುಳ್ಳಿ, ಟೊಮೆಟೊ ಕರಗುವವರೆಗೆ ಬಾಡಿಸಿ, ಮೆಣಸಿನಪುಡಿ, ಕೊತ್ತಂಬರಿಪುಡಿ, ಅರಿಶಿನ ಹಾಕಿ, ಹುಣಸೆನೀರು ಹೊಯ್ದೆ. ಮೊದಲು ಹಸಿಖಾರದ ಘಾಟು ಮೂಗಿಗೆ ಹೊಡೆಯಿತು. ಕುದಿದು ಕುದಿದು ಗಟ್ಟಿಯಾಗುತ್ತ ಘಾಟು ಹೋಗಿ, ಅಂಚಿನಲ್ಲಿ ಎಣ್ಣೆ ಕೆಂಪಗೆ ಬಿಟ್ಟುಕೊಂಡಿತು. ಆಗಲೇ ಮೀನು ಬಿಡಬೇಕು. ಆಮೇಲೆ ಸೌಟು ಹಾಕಿದರೆ ಬಂಗಡೆ ಪುಡಿಯಾಗುತ್ತದೆ. ಮಡಕೆಯ ಕಂಠವನ್ನೇ ಬಟ್ಟೆಯಿಂದ ಹಿಡಿದು ಒಮ್ಮೆ ತಿರುಗಿಸಬೇಕು. ಸಿಹಿ ಈರುಳ್ಳಿಯಿಂದಾಗಿ ಸಾರಿಗೆ ಬೆಲ್ಲ ಬಿದ್ದಂತಿತ್ತು. ಇನ್ನಷ್ಟು ಹುಣಸೆನೀರು ಹಾಕಿ ಸರಿಮಾಡಿದ್ದನ್ನು ಪ್ರಕ್ಷೇಪವೆಂದು ತಿಳಿಯಬೇಕು.

ಮಧ್ಯಾಹ್ನ ಅವ್ವಿ ಉಪ್ಪಿನಕಾಯಿ ಹಚ್ಚಿಕೊಂಡು ಉಂಡಳು.

ಪ್ರಧ್ವಂಸಾಭಾವ

ನಾಶದ ನಂತರದ ಇಲ್ಲದಿರುವಿಕೆ. ಇದಕ್ಕೆ ಆದಿಯಿದೆ, ಅಂತ್ಯವಿಲ್ಲ. ಕುಳಂಬಿನ ನಿಜವಾದ ರುಚಿ ಮರುದಿನವೇ ಎಂಬುದು ಕಡಲೂರು ಸಂಪ್ರದಾಯದ ಸಿದ್ಧಾಂತ. ಅದರ ಪರೀಕ್ಷೆಗೆಂದು 3 ಬಂಗಡೆಗಳನ್ನು ಸಾರಿನಲ್ಲೇ ಬಿಟ್ಟು ಮುಚ್ಚಳ ಹಾಕಿ ಮಲಗಿದೆ. ಬೆಳಿಗ್ಗೆ ಎದ್ದು ನೋಡಿದರೆ ಮಡಕೆ ಖಾಲಿ.

ಇಲ್ಲಿ ಅನುಮಾನಪ್ರಮಾಣವೇ ಶರಣು. ಪ್ರತಿಜ್ಞೆ: ಅವ್ವಿ ಕುಳಂಬು ಉಂಡಿದ್ದಾಳೆ. ಹೇತು: ಬೆರಳ ತುದಿಯಲ್ಲಿ ಇನ್ನೂ ಉಳಿದ ಕೆಂಪೆಣ್ಣೆ. ದೃಷ್ಟಾಂತ: ಅಡುಗೆಮನೆ, ಯಥಾಪ್ರಕಾರ.

"ಬೆಕ್ಕು ತಿಂದಿರ್ಬೇಕು" ಎಂದಳು ಅವ್ವಿ.

ಬೆಕ್ಕು ಮುಚ್ಚಳ ತೆಗೆದು, 3 ಮೀನು ತಿಂದು, ಮಡಕೆ ತೊಳೆದು ಬೋರಲು ಹಾಕಿ, ನಾಳೆಗೆಂದು ಹುಣಸೆಹಣ್ಣು ನೆನೆಹಾಕಿಟ್ಟದ್ದಕ್ಕೆ ತರ್ಕಶಾಸ್ತ್ರದಲ್ಲಿ ಎಲ್ಲೂ ದೃಷ್ಟಾಂತ ಸಿಗಲಿಲ್ಲ.