ಗಟ್ಟಿಮೇಳ ಆರು ಸೆಕೆಂಡು ತಡ

ನಮ್ಮ ಮನೆತನದಲ್ಲಿ "ತಪ್ಪಿದ್ದರೆ ಹೇಳಿ" ಎಂದು ಯಾರೂ ಯಾರನ್ನೂ ಕೇಳುವ ರೂಢಿಯಿಲ್ಲ. ಅಗತ್ಯ ಬೀಳುವುದಿಲ್ಲ. ಹೊಸ ಸೀರೆಯುಟ್ಟರೆ ಅಂಚಿನ ಬಗ್ಗೆ, ಮನೆ ಕಟ್ಟಿಸಿದರೆ ಬಚ್ಚಲ ಬಾಗಿಲಿನ ಬಗ್ಗೆ, ಹೆಣ್ಣು ನೋಡಿ ಬಂದರೆ ಹೆಣ್ಣಿನ ಚಿಕ್ಕಪ್ಪನ ಬಗ್ಗೆ ಅಭಿಪ್ರಾಯಗಳು ತಾವಾಗಿಯೇ ಮನೆಬಾಗಿಲಿಗೆ ಬರುತ್ತವೆ. ಇಂಥ ಗಾಳಿಯಲ್ಲಿ ಬೆಳೆದವನೆದುರು ವಿಡಿಯೊ ಎಡಿಟಿಂಗ್ ತಂತ್ರಾಂಶವೊಂದು, ತೆರೆದ ಕೂಡಲೇ, "ಇದು ಬೀಟಾ ಆವೃತ್ತಿ, ದೋಷಗಳಿರುತ್ತವೆ, ದಯವಿಟ್ಟು ಹುಡುಕಿ ತಿಳಿಸಿ" ಎಂದು ಕೈಮುಗಿದರೆ ಹೇಗಾಗಬೇಡ! ಉಂಡ ಮನೆಯ ಜಂತೆ ಎಣಿಸಬಾರದು ಅನ್ನುತ್ತಾರೆ. ಇಲ್ಲಿ ಬಿಟ್ಟಿ ಊಟ ಹಾಕಿದವನೇ ಏಣಿ ತಂದು ನಿಲ್ಲಿಸಿ, "ಹತ್ತಿ, ಎಣಿಸಿ, ಗೆದ್ದಲು ಹಿಡಿದದ್ದು ಯಾವುದು ಹೇಳಿ" ಅನ್ನುತ್ತಿದ್ದ.

ನಾನು ವೃತ್ತಿಯ ಎಡಿಟರ್ ಅಲ್ಲ. ನೆಂಟರ ನಾಮಕರಣ, ಗೃಹಪ್ರವೇಶ, ಷಷ್ಟ್ಯಬ್ದಿಗಳ ವಿಡಿಯೊ ಕತ್ತರಿಸಿ ಜೋಡಿಸುವುದು ಒಂದು ಚಟ. ಕಾಸು ಕೇಳದ ತಂತ್ರಾಂಶಗಳು ಈ ಚಟಕ್ಕೆ ಬೇಕಾದಷ್ಟಿವೆ: ಕೆಡೆನ್‌ಲೈವ್, ಶಾಟ್‌ಕಟ್, ಓಪನ್‌ಶಾಟ್, ಡಾವಿಂಚಿ ರಿಸಾಲ್ವ್‌ನ ಉಚಿತ ಆವೃತ್ತಿ. ನಾನು ಪರೀಕ್ಷಿಸಿದ್ದು ಯಾವುದನ್ನು ಎಂದು ಹೇಳುವುದಿಲ್ಲ. ಜಂತೆ ಎಣಿಸಿದ್ದಾಯಿತು, ಮನೆಯ ವಿಳಾಸವನ್ನಾದರೂ ಬಿಟ್ಟುಕೊಡಬಾರದು.

ದೋಷ ತಿಳಿಸುವುದಕ್ಕೆ ಒಂದು ಫಾರಂ ಇತ್ತು. ಮೂರೇ ಪ್ರಶ್ನೆ. ನೀವು ಏನು ಮಾಡಿದಿರಿ? ಏನಾಗಬೇಕು ಎಂದುಕೊಂಡಿದ್ದಿರಿ? ಏನಾಯಿತು? ನೋಡುವುದಕ್ಕೆ ಸಲೀಸು. ಆದರೆ ನಮ್ಮಲ್ಲಿ ದೂರು ಹೇಳುವ ಕ್ರಮವೇ ಬೇರೆ. ನಮ್ಮ ಸೋದರತ್ತೆ ಮಿಕ್ಸಿ ಕೆಟ್ಟಿತು ಎಂದು ಹೇಳಬೇಕಾದರೆ, ಅದನ್ನು ಕೊಡಿಸಿದ ಮೈದುನ ಹಿಂದೆ ಪಾಲು ಮಾಡಿಕೊಳ್ಳುವಾಗ ನಡೆದುಕೊಂಡ ರೀತಿಯಿಂದ ಶುರು ಮಾಡುತ್ತಾರೆ. ಕೊನೆಯವರೆಗೂ ಜಾರು ಕೆಟ್ಟಿತೋ ಮೋಟಾರೋ ಗೊತ್ತಾಗುವುದಿಲ್ಲ. ಮೈದುನ ಕೆಟ್ಟವನೆಂದು ಮಾತ್ರ ಸ್ಪಷ್ಟವಾಗುತ್ತದೆ. ಇದು ನಮ್ಮತ್ತೆಯೊಬ್ಬರ ಗುಣವಲ್ಲ. ಬೀಟಾ ಪರೀಕ್ಷಿಸುತ್ತಿದ್ದ ನಾನಾ ದೇಶದವರು ಬರೆದದ್ದನ್ನು ಓದುತ್ತ ಹೋದಂತೆ, ಜಗತ್ತಿನಲ್ಲಿ ಸೋದರತ್ತೆಯರ ಸಂಖ್ಯೆ ನಾನೆಣಿಸಿದ್ದಕ್ಕಿಂತ ದೊಡ್ಡದು ಅನಿಸಿತು. "ಹೊಸ ಆವೃತ್ತಿ ನನಗೆ ಮೋಸ ಮಾಡಿದೆ" ಎಂದಷ್ಟೇ ಬರೆದು ಹೋದವನಿದ್ದ. ಬಟನ್ನಿನ ಬೂದು ಬಣ್ಣದಿಂದ ತನಗೆ ಕೆಲಸದಲ್ಲಿ ಉತ್ಸಾಹವೇ ಬರುತ್ತಿಲ್ಲ ಎಂದವನಿದ್ದ. ಎಲ್ಲಕ್ಕಿಂತ ಅಪಾಯಕಾರಿಗಳು "ಚೆನ್ನಾಗಿದೆ" ಎಂದವರು. ಅವರು ತಂತ್ರಾಂಶವನ್ನು ತೆರೆದೇ ಇಲ್ಲ ಎಂಬುದು ನನ್ನ ಖಚಿತ ನಂಬಿಕೆ.

ಜಗಳ ಜೋರಾಗುವುದು ಕೀಲಿಗಳ ವಿಷಯದಲ್ಲಿ. ತುಣುಕನ್ನು ಕತ್ತರಿಸುವ ರೇಜರಿಗೆ ಪ್ರೀಮಿಯರ್‌ನಲ್ಲಿ ಸಿ ಒತ್ತಬೇಕು, ಫೈನಲ್ ಕಟ್ ಮತ್ತು ರಿಸಾಲ್ವ್‌ನಲ್ಲಿ ಬಿ, ಕೆಡೆನ್‌ಲೈವ್‌ನಲ್ಲಿ ಎಕ್ಸ್. ಹಿಂದಕ್ಕೆ ಓಡಿಸಲು ಜೆ, ನಿಲ್ಲಿಸಲು ಕೆ, ಮುಂದಕ್ಕೆ ಎಲ್ ಎಂಬುದರಲ್ಲಿ ಮಾತ್ರ ಎಲ್ಲ ಪಂಥದವರೂ ಒಂದಾಗಿದ್ದಾರೆ. ನಮ್ಮೂರ ಬಜಾರಿನಲ್ಲಿ ಮದುವೆ ವಿಡಿಯೊ ಮಿಕ್ಸಿಂಗ್ ಮಾಡುವ ಗೆಳೆಯನೊಬ್ಬನಿದ್ದಾನೆ. ವಧುವರರನ್ನು ಗುಲಾಬಿ ದಳಗಳ ನಡುವಿನಿಂದ ಎತ್ತಿ ಹೃದಯದ ಆಕಾರದೊಳಗೆ ಕೂರಿಸುವುದರಲ್ಲಿ ಅವನನ್ನು ಮೀರಿಸಿದವರಿಲ್ಲ. ಅವನನ್ನು ಕರೆತಂದು ಬೀಟಾ ಮುಂದೆ ಕೂರಿಸಿದೆ. ಕಣ್ಣು ಪರದೆಯ ಮೇಲಿದ್ದರೂ ಬೆರಳು ಹಳೆಯ ಕೀಲಿಯನ್ನೇ ಹುಡುಕಿಕೊಂಡು ಹೋಗುತ್ತಿತ್ತು. ಸ್ವಲ್ಪ ಹೊತ್ತಿಗೆ ಎದ್ದು, "ಸಾರ್, ಇದಕ್ಕೆ ಎಡಿಟಿಂಗೇ ಬರಲ್ಲ" ಎಂದು ಹೊರಟುಹೋದ. ನಾನು ಇದನ್ನೂ ಫಾರಮ್ಮಿನಲ್ಲಿ ಬರೆದೆ.

ನಗಬೇಡಿ, ಆ ಬೆರಳುಗಳಿಗೆ ಬಲವಿದೆ. 2011ರ ಜೂನ್‌ನಲ್ಲಿ ಆ್ಯಪಲ್ ಕಂಪನಿ ಫೈನಲ್ ಕಟ್ ಪ್ರೊ ಎಕ್ಸ್ ಬಿಡುಗಡೆ ಮಾಡಿತು. ಬೀಟಾ ಅಲ್ಲ, 299 ಡಾಲರಿನ ಪೂರ್ತಿ ಸರಕು. ಹಳೆಯ ಆವೃತ್ತಿಯ ಪ್ರಾಜೆಕ್ಟುಗಳು ಅದರಲ್ಲಿ ತೆರೆಯುತ್ತಿರಲಿಲ್ಲ. ಹಲವು ಕ್ಯಾಮೆರಾಗಳ ದೃಶ್ಯವನ್ನು ಒಟ್ಟಿಗೆ ಸಂಕಲಿಸುವ ಮಲ್ಟಿಕ್ಯಾಮ್ ಮಾಯವಾಗಿತ್ತು. ಸಂಕಲನಕಾರರು ಅರ್ಜಿಗೆ ಸಹಿ ಸಂಗ್ರಹಿಸಿದರು, ಹಣ ವಾಪಸ್ ಕೇಳಿದರು. ಅಮೆರಿಕದ ಕೋನನ್ ಒಬ್ರಿಯನ್ ಅವರ ಟಿವಿ ಕಾರ್ಯಕ್ರಮದ ಎಡಿಟರುಗಳಂತೂ ಅದನ್ನು ಗೇಲಿ ಮಾಡಿ ಒಂದು ತುಣುಕನ್ನೇ ತಯಾರಿಸಿ ಪ್ರಸಾರ ಮಾಡಿಸಿದರು. ಬಳಕೆದಾರರ ಅಭಿಪ್ರಾಯ ಇಷ್ಟು ಅಚ್ಚುಕಟ್ಟಾಗಿ ಎಡಿಟ್ ಆಗಿ ಬಂದದ್ದು ಇನ್ನೆಲ್ಲೂ ಇರಲಾರದು. ಆ್ಯಪಲ್ ಹಳೆಯ ಆವೃತ್ತಿಯ ಮಾರಾಟವನ್ನು ಮತ್ತೆ ಸ್ವಲ್ಪ ಕಾಲ ತೆರೆಯಿತು; ಮಲ್ಟಿಕ್ಯಾಮ್ 2012ರ ಜನವರಿಯಲ್ಲಿ ಮರಳಿತು. ಮೊದಲೇ ಒಂದು ಬೀಟಾ ಕೊಟ್ಟು ಬೈಸಿಕೊಂಡಿದ್ದರೆ ಖರ್ಚು ಕಡಿಮೆಯಾಗುತ್ತಿತ್ತು.

ನನ್ನ ಮೊದಲ ವರದಿ ಕನ್ನಡದ್ದು. ಟೈಟಲ್ಲಿನಲ್ಲಿ "ಗೃಹಪ್ರವೇಶ" ಎಂದು ಬರೆದರೆ ಪರದೆಯಲ್ಲಿ "ಗೃಹಪ್‌ರವೇಶ" ಎಂದು ಬರುತ್ತಿತ್ತು. ಒತ್ತಕ್ಷರ ಕೆಳಗಿಳಿಯಲು ಒಪ್ಪುತ್ತಿರಲಿಲ್ಲ. ಯೂನಿಕೋಡಿನಲ್ಲಿ ಅಕ್ಷರಗಳು ಬಿಡಿಬಿಡಿಯಾಗಿ ಸಾಲುಗಟ್ಟಿ ನಿಂತಿರುತ್ತವೆ. ಅವನ್ನು ಒಂದರ ಕೆಳಗೊಂದು ಕೂರಿಸುವ ಕೆಲಸವನ್ನು ತಂತ್ರಾಂಶ ಬೇರೆಯಾಗಿ ಮಾಡಬೇಕು. ಮಾಡದಿದ್ದರೆ ಹೀಗೆ. ನಮ್ಮ ಸ್ಟುಡಿಯೊಗಳಲ್ಲಿ ಎಷ್ಟೋ ಮಂದಿ ಇಂದಿಗೂ ಯೂನಿಕೋಡನ್ನು ಬಿಟ್ಟು 'ನುಡಿ' ತಂತ್ರಾಂಶದ ಹಳೆಯ ಫಾಂಟುಗಳಲ್ಲೇ ಟೈಟಲ್ ಕುಟ್ಟುವುದಕ್ಕೆ ಈ ಕಿರಿಕಿರಿಯೇ ಕಾರಣ.

ಯೂರೋಪಿನಲ್ಲೆಲ್ಲೋ ಕೂತು ಈ ವರದಿಗಳನ್ನು ಓದುತ್ತಿದ್ದ ತಂತ್ರಜ್ಞ ಹುಡುಗ ಬಹಳ ವಿನಯದಿಂದ, "ನೀವು ಕಳಿಸಿದ ಎರಡು ಚಿತ್ರಗಳನ್ನೂ ನೋಡಿದೆ, ಸರಿಯಾದದ್ದು ಯಾವುದು?" ಎಂದು ಕೇಳಿದ. ಹೇಳಿಕೊಟ್ಟೆ. ಪ್ರ ಅರ್ಥವಾಯಿತು ಅಂದ. ಉತ್ಸಾಹದಲ್ಲಿ ನಾನು "ಕರ್ನಾಟಕ" ಕಳಿಸಿದೆ. ಅಲ್ಲಿ ಅರ್ಕಾವತ್ತು ಇತ್ತು. ರ ಮೊದಲು ಟೈಪಾಗುತ್ತದೆ, ಮೊದಲು ಉಚ್ಚಾರವಾಗುತ್ತದೆ, ಆದರೆ ಕಾಣಿಸಿಕೊಳ್ಳುವುದು ನಾ ಆದ ಮೇಲೆ. "ಹಾಗಾದರೆ ಇದು ದೋಷವಲ್ಲವೇ?" ಎಂದು ಕೇಳಿದ. ಅಲ್ಲ, ಇದು ವ್ಯಾಕರಣ ಎಂದೆ. ಆಮೇಲೆ ಕೆಲವು ದಿನ ಅವನಿಂದ ಮಾತಿಲ್ಲ. ಮುಂದಿನ ಬೀಟಾದಲ್ಲಿ ಒತ್ತಕ್ಷರಗಳೂ ಅರ್ಕಾವತ್ತೂ ತಮ್ಮತಮ್ಮ ಜಾಗದಲ್ಲಿದ್ದವು. ಟೈಟಲ್ಲಿನ ನೆರಳು ಮಾತ್ರ ಹಳೆಯ ಬಿಡಿ ಅಕ್ಷರಗಳಲ್ಲೇ ಬೀಳುತ್ತಿತ್ತು. ಅಕ್ಷರ ಒಂದು, ನೆರಳು ಇನ್ನೊಂದು. ಇದಕ್ಕೆ ಬೇರೆ ಫಾರಂ ತುಂಬಿದೆ.

ದೊಡ್ಡ ಪ್ರಕರಣ ಸೋದರತ್ತೆಯ ಮಗಳ ಮದುವೆಯದು. ಧಾರೆಯನ್ನು ಅವಳ ತಮ್ಮ ಮೊಬೈಲಿನಲ್ಲಿ ಒಂದೇ ಉಸಿರಿಗೆ ಹಿಡಿದಿದ್ದ. ಮೊಬೈಲು ಸೆಕೆಂಡಿಗೆ 30 ಫ್ರೇಮು ಅನ್ನುತ್ತದೆ, ಆದರೆ ಬೆಳಕು ಕಮ್ಮಿಯಾದರೆ ತನ್ನ ಪಾಡಿಗೆ ಫ್ರೇಮು ಇಳಿಸಿಕೊಳ್ಳುತ್ತದೆ. ನಮ್ಮ ಕಲ್ಯಾಣಮಂಟಪದಲ್ಲಿ ಕರೆಂಟೂ ಅಷ್ಟೇ, ತನ್ನ ಪಾಡಿಗೆ ತಾನು. ಬೀಟಾ ಮಾತ್ರ ಉದ್ದಕ್ಕೂ 30 ಎಂದೇ ನಂಬಿ ಲೆಕ್ಕ ಹಾಕಿತು. ಪರಿಣಾಮವಾಗಿ ಚಿತ್ರ ಮುಂದೆ ಓಡಿತು, ಧ್ವನಿ ಹಿಂದುಳಿಯಿತು. ಪುರೋಹಿತರು ಬಾಯಿ ಮುಚ್ಚಿ ಎಲೆಅಡಿಕೆ ಹಾಕಿಕೊಂಡ ಮೇಲೂ ಮಂತ್ರ ಕೇಳುತ್ತಿತ್ತು. ತಾಳಿ ಕಟ್ಟಿಯಾಯಿತು, ಅಕ್ಷತೆ ಬಿತ್ತು, ಹುಡುಗಿಯ ಕಣ್ಣೊರೆಸಿಯಾಯಿತು. ಆರು ಸೆಕೆಂಡಿನ ಮೇಲೆ ಗಟ್ಟಿಮೇಳ ಬಂತು.

ಫಾರಂ ತುಂಬಿದೆ. ಏನು ಮಾಡಿದಿರಿ? ಮದುವೆ. ಏನಾಗಬೇಕು ಎಂದುಕೊಂಡಿದ್ದಿರಿ? ತಾಳಿ ಕಟ್ಟುವ ಕ್ಷಣಕ್ಕೆ ಸರಿಯಾಗಿ ಓಲಗದವರು ಜೋರಾಗಿ ಬಾರಿಸಬೇಕು. ಏನಾಯಿತು? ಮೊದಲು ಮದುವೆ, ಆಮೇಲೆ ವಾದ್ಯ. ಹುಡುಗ ಉತ್ತರಿಸಿದ: "ನಮ್ಮಲ್ಲಿ ಹಾಗಾಗುತ್ತಿಲ್ಲ. ಮೂಲ ಫೈಲ್ ಕಳಿಸುವಿರಾ?" ಅವರಲ್ಲಿ ಹಾಗಾಗದಿರುವುದು ನಿಜವೇ, ಗಟ್ಟಿಮೇಳವೇ ಇಲ್ಲದ ದೇಶ.

ಫೈಲ್ ಕಳಿಸುವುದಕ್ಕೆ ಅತ್ತೆಯ ಅನುಮತಿ ಬೇಕಿತ್ತು.

"ಯಾರೋ ಅವನು? ನಮ್ಮ ಹುಡುಗಿ ಧಾರೆ ಅವನಿಗ್ಯಾಕೆ?"

"ರಿಪೇರಿ ಮಾಡ್ತಾನಂತೆ ಅತ್ತೆ."

"ಮದುವೆಗೆ ರಿಪೇರಿ ಏನೋ? ಅಪಶಕುನದ ಮಾತಾಡಬೇಡ." ಸ್ವಲ್ಪ ಯೋಚಿಸಿ, "ಅವನಿಗೆ ಮದುವೆಯಾಗಿದೆಯಾ?" ಎಂದು ಕೇಳಿದರು. ಕೊನೆಗೆ, ನಾನು ಊಟದ ಪಂಕ್ತಿಯ ದೃಶ್ಯವನ್ನೂ ಸೇರಿಸಿ ಕಳಿಸುವುದಾದರೆ ಆಗಬಹುದು ಅಂದರು. ಹೋಳಿಗೆ ಎಷ್ಟು ಬಡಿಸಿದೆವು ಎಂಬುದು ವಿದೇಶದಲ್ಲೂ ಗೊತ್ತಾಗಲಿ ಎಂಬ ಉದ್ದೇಶ.

ತಂತ್ರಾಂಶ ಸರಿಹೋಯಿತು. ಹೊಸ ಆವೃತ್ತಿಯ ಜೊತೆ ಬಂದ ಪಟ್ಟಿಯಲ್ಲಿ, ಫ್ರೇಮಿನ ವೇಗ ಏರಿಳಿಯುವ ತುಣುಕುಗಳಲ್ಲಿ ಧ್ವನಿ ಹಿಂದುಳಿಯುತ್ತಿದ್ದುದನ್ನು ಸರಿಪಡಿಸಲಾಗಿದೆ ಎಂದು ಒಂದು ಸಾಲಿತ್ತು. ಅತ್ತೆಗೆ ಓದಿ ಹೇಳಿದೆ. "ಹುಡುಗಿ ಹೆಸರೇ ಹಾಕಿಲ್ಲವಲ್ಲೋ!" ಅಂದರು. ವಿಡಿಯೊ ಹಾಕಿ ತೋರಿಸಿದೆ. ತಾಳಿಯ ಗಂಟು ಬೀಳುವುದಕ್ಕೂ ಡೋಲಿನ ಪೆಟ್ಟಿಗೂ ಎಳೆಯಷ್ಟೂ ಅಂತರವಿರಲಿಲ್ಲ. ಅತ್ತೆ ಅದನ್ನು ಗಮನಿಸಲೇ ಇಲ್ಲ. ಪರದೆಯ ಎಡಮೂಲೆಗೆ ಬೆರಳಿಟ್ಟು, "ಇವನು ಮುಯ್ಯಿ ಮಾಡದೆ ಎರಡು ಪಂಕ್ತಿ ಊಟ ಹೊಡೆದು ಹೋದ. ಇಂಥವರನ್ನ ತಾನಾಗೇ ತೆಗೆದುಹಾಕೋ ಹಾಗೆ ಒಂದು ಬಟನ್ ಇಡೋಕೆ ಹೇಳು ಆ ಹುಡುಗನಿಗೆ" ಅಂದರು.

ಹೊಸ ಸೌಲಭ್ಯಗಳ ಬೇಡಿಕೆಗೂ ಒಂದು ಫಾರಂ ಇತ್ತು. ಬರೆದು ಕಳಿಸಿದೆ. ಈ ಸೌಲಭ್ಯ ಎಷ್ಟು ಬಳಕೆದಾರರಿಗೆ ಉಪಯೋಗವಾದೀತು ಎಂದು ಕೇಳಿದ್ದಾನೆ.